‘ಡಿಸೈನ್ ಫ್ರೀ’ ಎಂದು ಶುರುವಾದ ಒಂದು ಫ್ಲಾಟ್: ಪ್ರಕರಣ ಅಧ್ಯಯನ

ಇದು ಬೆಂಗಳೂರಿನ ದಕ್ಷಿಣ ಭಾಗದ ಒಂದು ಫ್ಲಾಟಿನ ಕಥೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಎಂದು ಹೆಸರು, ಬಡಾವಣೆ, ಇನ್ನೂ ಕೆಲವು ಸಣ್ಣ ವಿವರ ಬಿಟ್ಟಿದ್ದೇನೆ. ಕೆಲಸ ಹಿಡಿದ ಕಂಪನಿಯ ಹೆಸರೂ ಇಲ್ಲಿ ಬೇಕಿಲ್ಲ. ನಾನು ಒಳಾಂಗಣ ವಿನ್ಯಾಸಕಿ. ಈ ಕುಟುಂಬ ನನ್ನನ್ನು ಎರಡು ಸಲ ಕರೆಯಿತು. ಮೊದಲ ಸಲ ಮಾತಾಡಿ, ಬೇಡ ಎಂದರು. ಎರಡನೇ ಸಲ ನಾನು ಹೋಗುವಷ್ಟರಲ್ಲಿ ಸಿಂಕಿನ ಕೆಳಗಿನ ಹಲಗೆ ಉಬ್ಬಿತ್ತು.

ಹಿನ್ನೆಲೆ

ಎರಡು ಬೆಡ್‌ರೂಮಿನ ಹೊಸ ಫ್ಲಾಟ್, 1,150 ಚದರ ಅಡಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಏಳು ವರ್ಷದ ಮಗಳು, ಜೊತೆಗೆ ಗಂಡನ ತಾಯಿ. ಆಗ ಇದ್ದದ್ದು ಬಾಡಿಗೆ ಮನೆಯಲ್ಲಿ, ತಿಂಗಳಿಗೆ 28,000. ಹೊಸ ಮನೆಯ ಸಾಲದ ಕಂತು ಆಗಲೇ ಶುರುವಾಗಿತ್ತು. ಬೇಗ ಹೋಗಬೇಕು ಎಂಬ ಆತುರ ಸಹಜವೇ. ಒಳಾಂಗಣಕ್ಕೆ ಎತ್ತಿಟ್ಟಿದ್ದ ದುಡ್ಡು 10 ಲಕ್ಷ.

ಜನವರಿಯಲ್ಲಿ ನನ್ನ ಹತ್ತಿರ ಬಂದಾಗ ಅವರ ಕೈಯಲ್ಲಿ ಎರಡು ಕೊಟೇಶನ್ ಇದ್ದವು. ಒಂದು ಬಡಗಿ ಮೇಸ್ತ್ರಿಯದು, 8.1 ಲಕ್ಷ. ಇನ್ನೊಂದು ಎಲ್ಲವನ್ನೂ ತಾನೇ ಮಾಡಿಕೊಡುವ ಕಂಪನಿಯದು, 9.6 ಲಕ್ಷ. ಆ ಕಂಪನಿ ಡಿಸೈನ್ ಫ್ರೀ ಎಂದಿತ್ತು. ಮೂರು ದಿನದಲ್ಲಿ 3ಡಿ ಚಿತ್ರ, 60 ದಿನದಲ್ಲಿ ಮನೆ. ನಾನು ಕೇಳಿದ್ದು ಬರೀ ವಿನ್ಯಾಸಕ್ಕೆ ಮತ್ತು ಕೆಲಸದ ಮೇಲ್ವಿಚಾರಣೆಗೆ 1.1 ಲಕ್ಷ. ಕೆಲಸದ ಖರ್ಚು ಬೇರೆ.

‘ಮೇಡಂ, ಡಿಸೈನರ್ ಅಂದ್ರೆ ವಿಲ್ಲಾ ಕಟ್ಟೋರಿಗೆ ಅಲ್ವಾ? ನಮ್ದು ಎರಡು ಬೆಡ್‌ರೂಮ್ ಅಷ್ಟೇ’ ಎಂದರು ಯಜಮಾನರು. ಅವರ ಹೆಂಡತಿ ಇನ್ನೂ ನೇರವಾಗಿ ಹೇಳಿದರು: ‘ನಿಮ್ಮ ಫೀಸಿನ ದುಡ್ಡಿಗೆ ಒಂದು ವಾರ್ಡ್‌ರೋಬೇ ಬರುತ್ತೆ.’

ಆ ದಿನ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಅವರಿಗೆ ನಾನು ತೋರಿಸಿದ್ದು ಮುಗಿದ ಮನೆಗಳ ಫೋಟೋ. ಬೆಳಕು ಚೆನ್ನಾಗಿ ಬಿದ್ದ ಹಾಲ್, ಹೂವಿಟ್ಟ ಮೇಜು. ಅಳತೆ ಬರೆದ ಒಂದು ಡ್ರಾಯಿಂಗನ್ನೂ ತೋರಿಸಲಿಲ್ಲ. ಫೋಟೋ ನೋಡಿದವರಿಗೆ ಡಿಸೈನರ್ ಅಂದರೆ ಬಣ್ಣ, ಪರದೆ ಆರಿಸುವವರು ಎಂದು ಅನ್ನಿಸಿದರೆ ಅವರ ತಪ್ಪೇನು? ಅದೇ ಥರದ ಫೋಟೋ ಕಂಪನಿಯವರೂ ತೋರಿಸಿದ್ದರು, ಅದೂ ಫ್ರೀಯಾಗಿ.

ಅವರು ಕಂಪನಿಯನ್ನೇ ಆರಿಸಿಕೊಂಡರು. ಫೆಬ್ರವರಿ ಮಧ್ಯದಲ್ಲಿ ಕೆಲಸ ಶುರುವಾಯಿತು.

ಸಮಸ್ಯೆ

ಮೇ ಮಧ್ಯದಲ್ಲಿ ಮತ್ತೆ ಫೋನ್ ಬಂತು. ಮನೆ ಮುಗಿಯಬೇಕಿದ್ದ ದಿನ ದಾಟಿ ಒಂದು ತಿಂಗಳಾಗಿತ್ತು. ‘ಮೇಡಂ, ಒಂದ್ಸಲ ಬಂದು ನೋಡ್ತೀರಾ? ನೋಡಿದ್ದಕ್ಕೆ ಫೀಸ್ ಕೊಡ್ತೀವಿ’ ಎಂದರು.

ಹೋಗಿ ನೋಡಿದೆ. ಹಾಲಿನ ಫಾಲ್ಸ್ ಸೀಲಿಂಗ್ ಮುಗಿದಿತ್ತು. ಅಡುಗೆಮನೆಯ ಕಟ್ಟೆ ಕೆಳಗಿನ ಬಾಕ್ಸ್‌ಗಳು ಕೂತಿದ್ದವು, ಗ್ರಾನೈಟ್ ಇನ್ನೂ ಹಾಕಿರಲಿಲ್ಲ. ಎರಡು ವಾರ್ಡ್‌ರೋಬ್‌ಗಳು ಬಾಗಿಲಿಲ್ಲದೆ ನಿಂತಿದ್ದವು. ಟಿವಿ ಯೂನಿಟ್, ದೇವರ ಮನೆ, ಓದುವ ಮೇಜು, ಚಪ್ಪಲಿ ಗೂಡು ಶುರುವೇ ಆಗಿರಲಿಲ್ಲ. ಆದರೆ 60 ಪರ್ಸೆಂಟ್ ದುಡ್ಡು ಹೋಗಿತ್ತು. 9.6 ಲಕ್ಷದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಎಂದಿತ್ತು. 18 ಪರ್ಸೆಂಟ್ ಅಂದರೆ 1,72,800. ಒಟ್ಟು 11,32,800 ಆಯಿತು. ಅದರಲ್ಲಿ 6.8 ಲಕ್ಷ ಕೊಟ್ಟಾಗಿತ್ತು.

ಇಷ್ಟರ ಮೇಲೆ ಕಂಪನಿ ‘ಎಕ್ಸ್‌ಟ್ರಾ’ ಎಂದು 1.42 ಲಕ್ಷದ ಇನ್ನೊಂದು ಪಟ್ಟಿ ಕಳಿಸಿತ್ತು. ಸೀಲಿಂಗಿನ ಪ್ರೊಫೈಲ್ ಲೈಟ್, ಟಿವಿ ಹಿಂದಿನ ಗೀರುಗೀರಿನ ಪ್ಯಾನೆಲ್, ಅಡುಗೆಮನೆಯ ಉದ್ದ ಬೀರುವಿನ ಬುಟ್ಟಿಗಳು, ಹಿಡಿಕೆಗಳು, ಹೊಸ ಎಲೆಕ್ಟ್ರಿಕಲ್ ಪಾಯಿಂಟ್‌ಗಳು. ಇವೆಲ್ಲ 3ಡಿ ಚಿತ್ರದಲ್ಲಿ ಇದ್ದವು. ಕೊಟೇಶನ್‌ನಲ್ಲಿ ಇರಲಿಲ್ಲ.

ಇಡೀ ಪ್ರಕರಣದ ಬೇರು ಇರುವುದು ಇಲ್ಲಿ. 3ಡಿ ಚಿತ್ರವನ್ನೇ ಇವರು ಪ್ಲಾನ್ ಎಂದುಕೊಂಡಿದ್ದರು. ಚಿತ್ರದ ಮೂಲೆಯಲ್ಲಿ, ಇದು ಕೇವಲ ಕಲ್ಪನೆಗಾಗಿ ಎಂಬ ಸಾಲೊಂದಿತ್ತು. ಯಾರೂ ಓದಿರಲಿಲ್ಲ. 3ಡಿ ಚಿತ್ರದಲ್ಲಿ ಹಲಗೆಯ ಗ್ರೇಡ್ ಕಾಣುವುದಿಲ್ಲ, ಹಿಂಜ್ ಕಾಣುವುದಿಲ್ಲ, ಗೋಡೆಯೊಳಗೆ ಏನಿದೆ ಅಂತಲೂ ಕಾಣುವುದಿಲ್ಲ. ಬಡಗಿ ಕೆಲಸ ಮಾಡುವುದು ಅಳತೆಯ ಡ್ರಾಯಿಂಗ್ ನೋಡಿ. ಆ ಡ್ರಾಯಿಂಗ್ ಕೇಳಿದೆ. ಮನೆಯವರ ಹತ್ತಿರ ಒಂದೂ ಇರಲಿಲ್ಲ.

ಹಲಗೆಯ ವಿಚಾರ

ನಳದವನು ಸಿಂಕ್ ಪೈಪಿಗೆ ನೀರು ಬಿಟ್ಟು ಪರೀಕ್ಷೆ ಮಾಡುವಾಗ ಸ್ವಲ್ಪ ಸೋರಿತ್ತಂತೆ. ಒರೆಸಿ ಬಿಟ್ಟಿದ್ದರು. ಹತ್ತು ದಿನದಲ್ಲಿ ತಳದ ಹಲಗೆಯ ಅಂಚು ಹಪ್ಪಳದ ಹಾಗೆ ಎದ್ದಿತ್ತು. ಬಾಕ್ಸ್ ಹಿಂದೆ ಟಾರ್ಚ್ ಹಾಕಿ ನೋಡಿದೆ. ಹಲಗೆಯ ಮೇಲೆ ಐಎಸ್ 303, ಎಂಆರ್ ಎಂಬ ಮುದ್ರೆ ಇತ್ತು.

ಐಎಸ್ 303 ಅನ್ನುವುದು ಭಾರತೀಯ ಮಾನಕದ ಸಂಖ್ಯೆ. ಎಂಆರ್ ಅಂದರೆ ಗಾಳಿಯ ತೇವ ತಡೆಯುವ ಹಲಗೆ. ಅಂಗಡಿಯಲ್ಲಿ ಕಮರ್ಷಿಯಲ್ ಪ್ಲೈ ಅನ್ನುತ್ತಾರೆ. ಒಣ ಜಾಗಕ್ಕೆ ಅದು ಕೆಟ್ಟದ್ದಲ್ಲ, ನಾನೂ ಬಳಸುತ್ತೇನೆ. ಸಿಂಕಿನ ಕೆಳಗೆ ಬೇಕಾದದ್ದು ಐಎಸ್ 710, ಅಂದರೆ ಬಿಡಬ್ಲ್ಯುಪಿ (ಬಾಯ್ಲಿಂಗ್ ವಾಟರ್ ಪ್ರೂಫ್). ಮರೈನ್ ಪ್ಲೈ ಎಂದೂ ಕರೆಯುತ್ತಾರೆ. 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಪದರ ಬಿಡಬಾರದು ಎಂಬುದು ಅದರ ಪರೀಕ್ಷೆ.

ಕೊಟೇಶನ್‌ನಲ್ಲಿ ಬರೆದಿದ್ದು ಇಷ್ಟೇ: ‘18 ಎಂಎಂ ಐಎಸ್‌ಐ ಪ್ಲೈವುಡ್’. ಐಎಸ್‌ಐ ಗುರುತು ಎರಡೂ ಹಲಗೆಗೆ ಇರುತ್ತದೆ. ಗ್ರೇಡ್ ಬರೆಯದೆ ಬಿಟ್ಟರೆ ಕಂಪನಿ ಯಾವುದನ್ನು ಹಾಕಿದರೂ ಕಾಗದದ ಪ್ರಕಾರ ಸರಿಯೇ. ಆ ಒಂದು ಪದದ ಜಾಗ ಖಾಲಿ ಇದ್ದುದರಿಂದ ಎಷ್ಟು ತೊಂದರೆಯಾಯಿತು ಎಂದು ನೆನೆದರೆ ಈಗಲೂ ಬೇಸರವಾಗುತ್ತದೆ.

ಬಡಗಿಯ ಕೊಟೇಶನ್ ಕೂಡ ತೆಗೆಸಿ ನೋಡಿದೆವು. ಚದರ ಅಡಿ ರೇಟ್ ಕಡಿಮೆ ಇದ್ದರೆ ಒಟ್ಟು ಖರ್ಚು ಕಡಿಮೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಈ ಮನೆಯ ಏಳು ಅಡಿ ಅಗಲ, ಏಳು ಅಡಿ ಎತ್ತರದ ವಾರ್ಡ್‌ರೋಬನ್ನೇ ತೆಗೆದುಕೊಳ್ಳಿ. ಮುಂಭಾಗದ ಅಳತೆ 49 ಚದರ ಅಡಿ. ಕಂಪನಿ ರೇಟ್ 1,650, ಆಗ 80,850. ಬಡಗಿ ರೇಟ್ 1,450, ಆಗ 71,050. ವ್ಯತ್ಯಾಸ 9,800. ಆದರೆ ಕಂಪನಿ ರೇಟಿನಲ್ಲಿ ಬಾಗಿಲಿನ ಹಿಂಜ್, ಡ್ರಾಯರ್ ಜಾರುವ ಚಾನೆಲ್, ಒಳಗೆ ಅಂಟಿಸುವ ಲ್ಯಾಮಿನೇಟ್ ಹಾಳೆ ಸೇರಿದ್ದವು. ಬಡಗಿಯದರಲ್ಲಿ ಇವು ಮೂರೂ ಇರಲಿಲ್ಲ, ನಾವೇ ತರಬೇಕಿತ್ತು. ವಾರ್ಡ್‌ರೋಬ್ ಮೇಲಿನ ಅಟ್ಟ, ಅಂದರೆ ಲಾಫ್ಟನ್ನು ಕಂಪನಿ ಬೇರೆ ಲೆಕ್ಕ ಹಾಕಿತ್ತು. ಬಡಗಿ ಸೇರಿಸಿಯೇ ಹೇಳಿದ್ದ. ಇನ್ನು ಕೆಲವರು ಮುಂಭಾಗ ಬಿಟ್ಟು, ಒಳಗಿನ ಪ್ರತಿ ಹಲಗೆಯನ್ನೂ ಬಿಡಿಸಿ ಅಳೆಯುತ್ತಾರೆ. ಅಳೆಯುವ ರೀತಿಯೇ ಬೇರೆಯಾದ ಮೇಲೆ ರೇಟನ್ನು ಅಕ್ಕಪಕ್ಕ ಇಟ್ಟು ನೋಡಿ ಏನು ತಿಳಿಯುತ್ತದೆ? ಏನೇನು ಸೇರಿದೆ ಎಂದು ಒಂದೇ ಪಟ್ಟಿ ಬರೆದು, ಅದೇ ಪಟ್ಟಿಗೆ ಎಲ್ಲರಿಂದ ಬೆಲೆ ಕೇಳಬೇಕು. ಆ ಪಟ್ಟಿ ಬರೆಯುವುದೂ ವಿನ್ಯಾಸಕರ ಕೆಲಸವೇ.

ಫ್ರೀ ಡಿಸೈನ್ ಬಗ್ಗೆಯೂ ಒಂದು ಮಾತು. 3ಡಿ ಮಾಡಿದ ಹುಡುಗನಿಗೆ ಕಂಪನಿ ಸಂಬಳ ಕೊಡುತ್ತದೆ. ಆ ಸಂಬಳ ರೇಟಿನೊಳಗೆ ಸೇರಿರುತ್ತದೆ. ಅದು ಮೋಸವಲ್ಲ, ವ್ಯಾಪಾರದ ಒಂದು ದಾರಿ. ಆದರೆ ‘ಈ ಗೋಡೆಗೆ ಬೀರು ಬೇಕಾ?’ ಎಂದು ನೀವು ಕೇಳಿದಾಗ ‘ಬೇಡ’ ಅನ್ನುವುದು ಅವನಿಗೆ ಕಷ್ಟ. ಈ ಮನೆಯ ಪ್ಯಾಸೇಜಿನ ಕೊನೆಗೆ ಒಂದು ಅಲಂಕಾರದ ಶೆಲ್ಫ್ ಇತ್ತು, 38,000 ರೂಪಾಯಿಯದು. ಅಲ್ಲಿ ಏನಿಡುತ್ತೀರಿ ಎಂದು ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಅದನ್ನು ಪಟ್ಟಿಯಿಂದ ತೆಗೆಸಿದೆವು.

ಅಜ್ಜಿ ಹೇಳಿದ್ದು

ನಾನು ಅಡುಗೆಮನೆ ಅಳೆಯುತ್ತಿದ್ದಾಗ ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹಾಸನದ ಕಡೆಯವರು. ಎತ್ತರ ನಾಲ್ಕು ಅಡಿ ಹತ್ತು ಇಂಚು. ಒಲೆ ಕಡೆಯ ಬಾಕ್ಸ್ ಮೇಲೆ ಅಂಗೈ ಊರಿ ತೋರಿಸಿದರು. ‘ಇದರ ಮೇಲೆ ಕಲ್ಲು, ಕಲ್ಲಿನ ಮೇಲೆ ಒಲೆ, ಒಲೆ ಮೇಲೆ ಪಾತ್ರೆ. ಪಾತ್ರೆಯೊಳಗೆ ಏನಿದೆ ಅಂತ ನಂಗೆ ಹೇಗೆ ಕಾಣುತ್ತಮ್ಮ?’

ಎತ್ತರ ಎಷ್ಟಿರಬೇಕು ಎಂದು ಕಂಪನಿಯವರು ಕೇಳಲಿಲ್ಲವೇ ಎಂದೆ. ‘ನನ್ನನ್ನ ಯಾರೂ ಕೇಳ್ಲೇ ಇಲ್ಲ ಕಣಮ್ಮ’ ಎಂದರು.

ಮಗನಿಗೆ ಕೆಡುಕೆನಿಸಿತು. ‘ಡಿಸೈನರ್ ಇದ್ದಾರಲ್ಲ, ಅವರಿಗೆ ಗೊತ್ತಿರುತ್ತೆ ಅಂದ್ಕೊಂಡೆ’ ಎಂದರು. ಈ ಮಾತನ್ನು ನಾನು ಹತ್ತಾರು ಮನೆಯಲ್ಲಿ ಕೇಳಿದ್ದೇನೆ. ಒಮ್ಮೆ ಒಪ್ಪಿಸಿದರೆ ಆಯಿತು, ಮಿಕ್ಕಿದ್ದು ಅವರೇ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ. ನಿಮ್ಮ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ಒಲೆ ಹಚ್ಚುವವರು ಯಾರು, ತರಕಾರಿಯನ್ನು ಕಟ್ಟೆ ಮೇಲೆ ಹೆಚ್ಚುತ್ತೀರೋ ಈಳಿಗೆಮಣೆ ಹಾಕಿಕೊಂಡು ಕೆಳಗೆ ಕೂತೋ, ಗ್ರೈಂಡರ್ ದಿನಾ ಬೇಕೋ ವಾರಕ್ಕೊಮ್ಮೆಯೋ, ಇದೆಲ್ಲ ಯಾವ ವಿನ್ಯಾಸಕರಿಗೂ ತಾನಾಗಿ ಗೊತ್ತಾಗುವುದಿಲ್ಲ. ಅವರು ಕೇಳಬೇಕು, ನೀವು ಹೇಳಬೇಕು.

ಕಟ್ಟೆಯ ಎತ್ತರ ಮೊಣಕೈಗಿಂತ ನಾಲ್ಕರಿಂದ ಆರು ಇಂಚು ಕೆಳಗಿರಲಿ ಎಂಬುದು ನಾವು ಬಳಸುವ ಲೆಕ್ಕ. ಅಜ್ಜಿಯ ಮೊಣಕೈ 36 ಇಂಚಿಗೆ ಬಂತು. ಅವರಿಗೆ 31, 32 ಇಂಚು ಸಾಕು. ಕಂಪನಿಯ ಲೆಕ್ಕದಲ್ಲಿ ಗ್ರಾನೈಟ್ ಸೇರಿ 34 ಆಗುತ್ತಿತ್ತು, ಆಮೇಲೆ ಒಲೆಯ ಎತ್ತರ ಬೇರೆ. ಸೊಸೆ ಐದು ಅಡಿ ಐದು ಇಂಚು. ಅವರಿಗೆ 34 ಕೂಡ ಸ್ವಲ್ಪ ಕಡಿಮೆಯೇ.

ಯಾರ ಎತ್ತರಕ್ಕೆ ಮಾಡುವುದು? ಅರ್ಧ ಗಂಟೆ ಮಾತಾಡಿದೆವು. ಕೊನೆಗೆ ಸೊಸೆಯೇ ಹೇಳಿದರು: ‘ದಿನಾ ಒಲೆ ಮುಂದೆ ಇರೋದು ಅತ್ತೇನೇ. ನಾನು ಶನಿವಾರ ಭಾನುವಾರ ತಾನೇ, ಸ್ವಲ್ಪ ಬಗ್ತೀನಿ ಬಿಡಿ.’ ಅದೃಷ್ಟಕ್ಕೆ ಎದುರುಬದುರು ಎರಡು ಕಟ್ಟೆಯ ಅಡುಗೆಮನೆ. ಒಲೆ ಕಡೆ 31 ಇಂಚಿಗೆ ಇಳಿಸಿ, ಸಿಂಕ್ ಕಡೆ 34 ಹಾಗೇ ಬಿಡುವುದು ಎಂದಾಯಿತು. ಸಿಂಕಿನಲ್ಲಿ ನಮ್ಮ ಕೈ ತಳದವರೆಗೆ ಇಳಿಯುತ್ತದೆ, ಹಾಗಾಗಿ ಅಲ್ಲಿ ಎತ್ತರ ಇದ್ದರೆ ಬೆನ್ನಿಗೆ ಒಳ್ಳೆಯದು. ಗ್ರಾನೈಟ್ ಹಾಕುವ ಮೊದಲು ಇದು ತಿಳಿದದ್ದು ಪುಣ್ಯ. ಒಲೆ ಕಡೆಯ ಬಾಕ್ಸ್‌ಗಳನ್ನು ಬಿಚ್ಚಿ ಮೂರು ಇಂಚು ಕತ್ತರಿಸಿ ಕೂರಿಸಲು 14,000 ಆಯಿತು. ಕಲ್ಲು ಹಾಕಿದ ಮೇಲಾಗಿದ್ದರೆ ಕಟ್ಟೆಯನ್ನೇ ಒಡೆಯಬೇಕಿತ್ತು.

ಏನೇನು ಮಾಡಿ ನೋಡಿದೆವು

ನಾನು ಬರುವ ಮೊದಲೇ ಅವರು ಎರಡು ದಾರಿ ಹಿಡಿದಿದ್ದರು. ಮೊದಲು ಫೋನಿನಲ್ಲಿ ಜಗಳ. ಆಮೇಲೆ ದುಡ್ಡು ನಿಲ್ಲಿಸಿದ್ದು. ದುಡ್ಡು ನಿಂತ ಕೂಡಲೇ ಕೆಲಸದವರು ಬರುವುದೂ ನಿಂತಿತು. ಮೂರು ವಾರ ಮನೆಗೆ ಬೀಗ.

ಗ್ರಾಹಕರ ಆಯೋಗಕ್ಕೆ ಹೋಗೋಣ ಎಂದು ಯಜಮಾನರು ಹೊರಟಿದ್ದರು. ಆ ದಾರಿ ಖಂಡಿತ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ, ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿಯೂ ಕೇಳಬಹುದು. ಆದರೆ ಕೈಯಲ್ಲಿದ್ದ ಕಾಗದ ದುರ್ಬಲವಾಗಿತ್ತು. ಗ್ರೇಡ್ ಇಲ್ಲ, ಡ್ರಾಯಿಂಗ್ ಇಲ್ಲ. ಜೊತೆಗೆ ತೀರ್ಪು ಬರುವವರೆಗೆ ಬಾಡಿಗೆ ಓಡುತ್ತಲೇ ಇರುತ್ತದೆ. ಮೊದಲು ಮಾತಾಡಿ ನೋಡೋಣ, ಆ ಬಾಗಿಲು ತೆರೆದೇ ಇರಲಿ ಎಂದೆ.

ಎರಡು ದಿನ ಕೂತು ಮನೆಯಲ್ಲಿ ಆಗಿದ್ದ ಕೆಲಸವನ್ನೆಲ್ಲ ಅಳೆದೆ. ಕಂಪನಿಯದೇ ರೇಟ್ ಹಾಕಿ ಲೆಕ್ಕ ತೆಗೆದೆ. ತೆರಿಗೆ ಸೇರಿ 5.1 ಲಕ್ಷದ ಕೆಲಸ ಆಗಿತ್ತು. ಅಂದರೆ 1.7 ಲಕ್ಷ ಮುಂದಾಗಿ ಹೋಗಿತ್ತು. ನನ್ನ ರೇಟ್ ಹಾಕಿದ್ದರೆ ಜಗಳ ಅದರ ಮೇಲೇ ಆಗುತ್ತಿತ್ತು. ಅವರದೇ ಹಾಕಿದ್ದರಿಂದ ಲೆಕ್ಕವನ್ನು ಯಾರೂ ಪ್ರಶ್ನಿಸಲಿಲ್ಲ.

ಕಂಪನಿಯಿಂದ ಬಂದ ಸೈಟ್ ಎಂಜಿನಿಯರ್ ಒಳ್ಳೆಯ ಹುಡುಗ. ಕೊಟೇಶನ್ ತೆಗೆದು ತೋರಿಸಿದ. ‘ಮೇಡಂ, ಐಎಸ್‌ಐ ಪ್ಲೈ ಅಂತಿದೆ, ಅದನ್ನೇ ಹಾಕಿದೀವಿ.’ ಅವನು ಹೇಳಿದ್ದು ಸುಳ್ಳಲ್ಲ.

ಆಗ ಮನೆಯಾಕೆಗೆ ಒಂದು ನೆನಪಾಯಿತು. ಬುಕಿಂಗ್ ಮಾಡುವ ಹಿಂದಿನ ದಿನ ಅವರು ಸೇಲ್ಸ್‌ನವನಿಗೆ ವಾಟ್ಸಾಪ್‌ನಲ್ಲಿ ಒಂದು ಪ್ರಶ್ನೆ ಕೇಳಿದ್ದರು. ಹುಡುಕಿದರು, ಸಿಕ್ಕಿತು. ‘ಕಿಚನ್ ಪೂರ್ತಿ ವಾಟರ್‌ಪ್ರೂಫ್ ಪ್ಲೈ ಮೇಡಂ’ ಎಂದು ಉತ್ತರ ಬಂದಿತ್ತು. ಒಂದೇ ಸಾಲು. ಆ ಸಾಲು ಮೇಜಿನ ಮೇಲೆ ಬಂದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಎಂಜಿನಿಯರ್ ಹೊರಗೆ ಹೋಗಿ ಫೋನ್ ಮಾಡಿ ಬಂದ.

ಕೊನೆಗೆ ಒಪ್ಪಿದ್ದು ಹೀಗೆ. ಸಿಂಕ್ ಕಡೆಯ ಬಾಕ್ಸ್‌ಗಳನ್ನು ಕಂಪನಿ ಐಎಸ್ 710 ಹಲಗೆಯಲ್ಲಿ ಹೊಸದಾಗಿ ಮಾಡಿಕೊಡಬೇಕು. ಎರಡು ವಾರ್ಡ್‌ರೋಬ್ ಮತ್ತು ಅಡುಗೆಮನೆಗೆ ಬಾಗಿಲು ಹಾಕಿ ಮುಗಿಸಬೇಕು. ಎಕ್ಸ್‌ಟ್ರಾ ಪಟ್ಟಿ ರದ್ದು. ಉಳಿದ ಕೆಲಸ ಅವರ ಕೈಯಿಂದ ಬಿಡುಗಡೆ. ಇನ್ನು ಮುಂದೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ದುಡ್ಡಿಲ್ಲ. ಇದನ್ನು ಬರೆದು ಎರಡೂ ಕಡೆಯವರು ಸಹಿ ಹಾಕಿದರು. ಇನ್ನೂ ಹಟ ಹಿಡಿದಿದ್ದರೆ ಸ್ವಲ್ಪ ದುಡ್ಡು ವಾಪಸ್ ಬರುತ್ತಿತ್ತೋ ಏನೋ. ಅವರಿಗೆ ಮನೆ ಬೇಕಿತ್ತು. ಆ ನಿರ್ಧಾರ ಸರಿ ಎಂದೇ ನನಗೆ ಈಗಲೂ ಅನ್ನಿಸುತ್ತದೆ.

ಗೋಡೆಯೊಳಗಿನ ತೊಡಕು

ಉಳಿದ ಕೆಲಸಕ್ಕೆ ಮೊದಲು ಕೊಟೇಶನ್ ಕೊಟ್ಟಿದ್ದ ಅದೇ ಬಡಗಿಯನ್ನು ಕರೆಸಿದೆವು. ಈ ಸಲ ಅವನ ಕೈಗೆ ಅಳತೆ ಬರೆದ ಡ್ರಾಯಿಂಗ್, ಹಲಗೆಯ ಗ್ರೇಡ್, ಹಿಂಜಿನ ಬ್ರ್ಯಾಂಡ್, ಹಲಗೆಯ ಅಂಚಿಗೆ ಅಂಟಿಸುವ ಪಟ್ಟಿಯ ದಪ್ಪ, ಎಲ್ಲವೂ ಇದ್ದವು. ಸಾಮಾನಿನ ಬಿಲ್ ನೇರ ಮನೆಯವರ ಹೆಸರಿಗೆ. ಡಿಸೈನರ್‌ಗಳು ಅಂಗಡಿಯಿಂದ ಕಮಿಷನ್ ಹೊಡೆಯುತ್ತಾರೆ ಎಂಬ ಅನುಮಾನ ಜನರಲ್ಲಿದೆ. ತೆಗೆದುಕೊಳ್ಳುವವರೂ ಇದ್ದಾರೆ. ನಾನು ಫೀಸ್ ಬಿಟ್ಟು ಬೇರೆ ತೆಗೆದುಕೊಳ್ಳುವುದಿಲ್ಲ ಎಂದು ಮೊದಲೇ ಬರೆದು ಕೊಟ್ಟೆ. ಹಾಗೆ ಬರೆದುಕೊಡಿ ಎಂದು ಯಾರಾದರೂ ಕೇಳಬಹುದು, ಅದರಲ್ಲಿ ಸಂಕೋಚ ಬೇಡ. ನಮ್ಮ ದೇಶದಲ್ಲಿ ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಲು 1972ರ ಕಾಯ್ದೆಯ ಪ್ರಕಾರ ನೋಂದಣಿ ಬೇಕು. ಇಂಟೀರಿಯರ್ ಡಿಸೈನರ್‌ಗೆ ಅಂಥ ಕಾನೂನು ಇಲ್ಲ, ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಆದ್ದರಿಂದ ಹಳೆಯ ಕೆಲಸದ ಡ್ರಾಯಿಂಗ್ ನೋಡಿ, ಎರಡು ಮೂರು ವರ್ಷ ಹಳೆಯದಾದ ಒಂದು ಮನೆಗೆ ಹೋಗಿ ಬನ್ನಿ.

ಟಿವಿ ಗೋಡೆಯಲ್ಲಿ ಇನ್ನೊಂದು ತೊಡಕು ಕಾದಿತ್ತು. ಈಗಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಅಲ್ಯೂಮಿನಿಯಂ ಅಚ್ಚಿನಲ್ಲಿ ಗೋಡೆಯನ್ನೇ ಕಾಂಕ್ರೀಟ್ ಸುರಿದು ಮಾಡುತ್ತಾರೆ. ಇಟ್ಟಿಗೆ ಗೋಡೆಯ ಹಾಗೆ ಕೊರೆದು ವೈರ್ ಹೂಳಲು ಬರುವುದಿಲ್ಲ. ಆ ಗೋಡೆಗಳೇ ಕಟ್ಟಡದ ಭಾರ ಹೊತ್ತಿರುತ್ತವೆ. ಬಿಲ್ಡರ್ ಕೊಟ್ಟ ಪುಸ್ತಕದಲ್ಲೇ ಕೊರೆಯಬಾರದು ಎಂದಿತ್ತು. 3ಡಿಯಲ್ಲಿ ಮಾತ್ರ ಹೊಸ ಪ್ಲಗ್‌ಗಳು ಆ ಗೋಡೆಯ ಮೇಲೆ ಬೇಕಾದಲ್ಲಿ ಇದ್ದವು. ಟಿವಿ ಹಿಂದೆ ಪಟ್ಟಿ ಹೊಡೆದು ಒಂದೂವರೆ ಇಂಚು ಜಾಗ ಬಿಟ್ಟು, ಅದರ ಮೇಲೆ ಪ್ಯಾನೆಲ್ ಹಾಕಿ ವೈರ್ ಅಡಗಿಸಿದೆವು. ಮಗುವಿನ ಓದುವ ಮೇಜಿಗೆ ಬೇರೆ ದಾರಿಯೇ ಇರಲಿಲ್ಲ. ಗೋಡೆಯ ಮೇಲೆ ವೈರ್ ಮುಚ್ಚುವ ಬಿಳಿ ಕೇಸಿಂಗ್ ಓಡಿದೆ, ಕಣ್ಣಿಗೆ ಕಾಣುತ್ತದೆ. ಕೀ ಕೈಗೆ ಸಿಕ್ಕ ಮೇಲೆ ಡಿಸೈನರ್ ಕರೆಯೋಣ ಎಂದು ಕಾಯುವವರಿಗೆ ಈ ಕೇಸಿಂಗ್ ತೋರಿಸಬೇಕು ಅನ್ನಿಸುತ್ತದೆ. ಕಟ್ಟುವಾಗಲೇ ಬಿಲ್ಡರ್ ಪಾಯಿಂಟ್ ಬದಲಿಸಲು ಅವಕಾಶ ಕೊಡುತ್ತಾರೋ ಕೇಳಿ ನೋಡಬೇಕು.

ಕೊನೆಗೆ ಆದದ್ದು

ಸೆಪ್ಟೆಂಬರ್ ಮಧ್ಯಕ್ಕೆ ಮನೆ ಮುಗಿಯಿತು. ಬಡಗಿ ಕೆಲಸ ಮತ್ತು ಸಾಮಾನು 3.9 ಲಕ್ಷ, ನನ್ನ ಫೀಸ್ 60,000. ಕಂಪನಿಗೆ ಹೋದ 6.8 ಲಕ್ಷ ಸೇರಿ ಒಟ್ಟು 11.3 ಲಕ್ಷ. ಮೊದಲು ಅಂದುಕೊಂಡ 10 ಲಕ್ಷದಲ್ಲಿ ಆಗಲಿಲ್ಲ. ಐದು ತಿಂಗಳ ಹೆಚ್ಚಿನ ಬಾಡಿಗೆ 1.4 ಲಕ್ಷ ಬೇರೆ. ಜನವರಿಯಲ್ಲಿ ಜಾಸ್ತಿಯಾಯಿತು ಎಂದು ಬಿಟ್ಟ ಫೀಸಿಗಿಂತ ಅದು 30,000 ಹೆಚ್ಚು. ಈ ಲೆಕ್ಕವನ್ನು ನಾನು ಹೇಳಲಿಲ್ಲ, ಮನೆಯಾಕೆಯೇ ಹಾಕಿದರು.

ನನ್ನ ಕೆಲಸದ ರೀತಿಯೂ ಬದಲಾಯಿತು. ಮೊದಲ ಭೇಟಿಗೆ ಈಗ ಫೋಟೋ ಒಯ್ಯುವುದಿಲ್ಲ. ಒಂದು ಹಳೆಯ ಮನೆಯ ಪೂರ್ತಿ ಡ್ರಾಯಿಂಗ್ ಕಟ್ಟು ಒಯ್ಯುತ್ತೇನೆ, ಫೀಸಿಗೆ ನಿಮ್ಮ ಕೈಗೆ ಸಿಗುವುದು ಇದು ಎಂದು ಮೇಜಿನ ಮೇಲಿಡುತ್ತೇನೆ. ಮನೆಯ ಹಿರಿಯರು ಎದುರಿಗೆ ಕೂರದೆ ಅಡುಗೆಮನೆಯ ಮಾತು ಶುರು ಮಾಡುವುದಿಲ್ಲ.

ಒಂದು ವಿಷಯ ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಅಜ್ಜಿ ಮತ್ತು ಮೊಮ್ಮಗಳ ರೂಮಿನ ವಾರ್ಡ್‌ರೋಬ್ ಎಂಆರ್ ಹಲಗೆಯದು. ಅದರ ಬೆನ್ನಿಗಿರುವುದು ಬಾತ್‌ರೂಮಿನ ಗೋಡೆ. ಗೋಡೆ ಒಣಗಿತ್ತು, ಬದಲಿಸಲು ದುಡ್ಡೂ ಉಳಿದಿರಲಿಲ್ಲ. ಗೋಡೆಯಿಂದ ಒಂದು ಇಂಚು ಮುಂದಕ್ಕೆ ಎಳೆದು ಗಾಳಿಯಾಡಲು ಜಾಗ ಬಿಟ್ಟೆವು. ಹಿಂದಿನ ಹಲಗೆಯಲ್ಲಿ ಬಿಚ್ಚಿ ನೋಡುವಂಥ ಒಂದು ಸಣ್ಣ ತುಂಡು ಮಾಡಿಸಿದ್ದೇನೆ. ಮಳೆಗಾಲ ಮುಗಿದ ಮೇಲೆ ಬಂದು ನೋಡುತ್ತೇನೆ ಎಂದು ಅಜ್ಜಿಗೆ ಮಾತು ಕೊಟ್ಟಿದ್ದೇನೆ.